ಐದನೇ ಮಹಡಿಯಿಂದ ಕೊಟ್ಟ ಸುದ್ದಿ

ನನ್ನ ತಂಗಿಯ ಗಂಡ ನೆಲದ ಮೇಲಿದ್ದಾಗ ನನ್ನ ಒಂದು ಮಾತನ್ನೂ ಕೇಳುವವನಲ್ಲ. ಉಪ್ಪು ಕಡಿಮೆ ಹಾಕಿಕೋ ಎಂದರೆ ಉಪ್ಪಿನ ಡಬ್ಬಿಯನ್ನೇ ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ. ಛತ್ರಿ ಹಿಡಿದುಕೊಂಡು ಹೋಗು ಎಂದರೆ ಬೇಕೆಂದೇ ತೊಯ್ದು ತೊಪ್ಪೆಯಾಗಿ ಬರುತ್ತಾನೆ. ಆದರೆ ನೆಲದಿಂದ ಅರವತ್ತು ಮೀಟರ್ ಮೇಲೆ, ಕ್ರೇನಿನ ಆ ಗಾಜಿನ ಗೂಡಿನೊಳಗೆ ಹೋಗಿ ಕೂತನೆಂದರೆ ಮುಗಿಯಿತು, ನನ್ನ ಕೈ ಆಡದೆ ಅವನು ಒಂದು ಗೇಣು ಕಬ್ಬಿಣವನ್ನೂ ಅಲ್ಲಾಡಿಸುವಂತಿಲ್ಲ. ನಾನು ಸಿಗ್ನಲ್ ಕೊಡುವವಳು. ಆರು ವರ್ಷದಿಂದ ಅವನು ಎತ್ತಿದ್ದು ಇಳಿಸಿದ್ದು ಎಲ್ಲ ನನ್ನ ಬೆರಳ ತುದಿ ನೋಡಿಕೊಂಡೇ. ಮನೆಯಲ್ಲಿ ಕೇಳಿಸಿಕೊಳ್ಳದಿದ್ದಕ್ಕೆ ಸೈಟಿನಲ್ಲಿ ಸೇಡು ತೀರಿಸಿಕೊಳ್ಳುತ್ತೀಯ ಎಂದು ತಂಗಿ ನನ್ನನ್ನು ಛೇಡಿಸುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ.

ಸೈಟಿನಲ್ಲಿ ಅವನ ಹೆಸರು ಗಿಡುಗ. ಮೇಲಿದ್ದರೆ ಅವನ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ. ಕೆಳಗೆ ಯಾರು ಯಾರ ಬೀಡಿ ಕದ್ದರು ಎನ್ನುವುದನ್ನೂ ಊಟದ ಹೊತ್ತಿಗೆ ಬಂದು ಹೇಳುತ್ತಾನೆ. ನನ್ನ ಹೆಸರು ಅತ್ತಿಗೆ. ಹೆಂಡತಿಯ ಅಕ್ಕ ಎಂದು ಅವನೇನೋ ಸರಿಯಾಗಿಯೇ ಕರೆದ. ಅದನ್ನು ಕಂಬಿ ಕಟ್ಟುವವರು ಹಿಡಿದುಕೊಂಡರು, ಅವರಿಂದ ವೆಲ್ಡರುಗಳಿಗೆ ಹೋಯಿತು, ಈಗ ನನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಕಂಬಿ ಮೇಸ್ತ್ರಿಗೂ ನಾನು ಅತ್ತಿಗೆಯೇ. ನೂರಾರು ಮೈದುನಂದಿರನ್ನು ಸಾಕುವ ಪುಣ್ಯ ಯಾರಿಗೆ ಸಿಗುತ್ತದೆ ಹೇಳಿ.

ಅವತ್ತು ಐದನೇ ಮಹಡಿಯ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನ. ಬೆಳಗ್ಗೆ ಎಂಟಕ್ಕೇ ಮೊದಲ ಲಾರಿ ಬಂದು ನಿಂತಿತ್ತು. ಈ ಕೆಲಸ ಒಮ್ಮೆ ಶುರುವಾದರೆ ಚಹಾದ, ಊಟದ ಸಣ್ಣ ಬಿಡುವು ಬಿಟ್ಟು ನಡುವೆ ನಿಲ್ಲಿಸುವ ಹಾಗಿಲ್ಲ. ನಿಂತರೆ ಹಾಕಿದ್ದಕ್ಕೂ ಹಾಕಬೇಕಾದ್ದಕ್ಕೂ ಹೊಂದಿಕೆಯಾಗದೆ ಅಲ್ಲೇ ಬಿರುಕು ಬಿಡುತ್ತದೆ. ಲಾರಿಯಿಂದ ಬಕೆಟ್ಟಿಗೆ ತುಂಬುವುದು, ಬಕೆಟ್ಟನ್ನು ಕ್ರೇನಿನ ಕೊಕ್ಕೆಗೆ ಸಿಕ್ಕಿಸುವುದು, ಗಿಡುಗ ಅದನ್ನು ಮೇಲಕ್ಕೆತ್ತಿ ನಮ್ಮ ತಲೆಯ ಮೇಲಿಂದ ತಂದು ಹೇಳಿದ ಜಾಗದಲ್ಲಿ ಇಳಿಸುವುದು. ಬಕೆಟ್ ಎಂದರೆ ಸ್ನಾನದ ಮನೆಯದಲ್ಲ, ತುಂಬಿದರೆ ಎರಡು ಟನ್ ತೂಗುವ ಕಬ್ಬಿಣದ ಹಂಡೆ. ವಾಕಿಟಾಕಿ ಕೆಟ್ಟು ರಿಪೇರಿಗೆ ಹೋಗಿ ಮೂರು ದಿನವಾಗಿತ್ತು. ಫೋನುಗಳನ್ನೆಲ್ಲ ಗೇಟಿನ ಪೆಟ್ಟಿಗೆಯಲ್ಲಿ ಇಟ್ಟೇ ಒಳಗೆ ಬರಬೇಕು, ಅದು ಸೈಟಿನ ನಿಯಮ. ಹಾಗಾಗಿ ಮೇಲಿರುವ ಅವನಿಗೂ ಕೆಳಗಿರುವ ಲೋಕಕ್ಕೂ ನಡುವೆ ಇದ್ದದ್ದು ನನ್ನ ಎರಡು ಕೈ ಮಾತ್ರ.

ಹತ್ತು ಗಂಟೆಯ ಚಹಾಕ್ಕೆ ಗಿಡುಗ ಇಳಿದು ಬಂದು ಲೋಟಕ್ಕೆ ಬಾಯಿ ಇಟ್ಟಿದ್ದ, ಗೇಟಿನ ಕಾವಲುಗಾರ ಓಡಿಬಂದ.

"ಅತ್ತಿಗೆ, ನಿಮ್ಮ ಅಮ್ಮ ಫೋನ್ ಮಾಡಿದ್ರು. ನಿಮ್ಮ ತಂಗೀನ ಎದುರುಗಡೆ ಆಸ್ಪತ್ರೆಗೆ ಸೇರಿಸಿದಾರಂತೆ. ನೋವು ಶುರುವಾಗಿದೆಯಂತೆ."

"ಇನ್ನೂ ಮೂರು ವಾರ ಇತ್ತಲ್ಲ!" ಎಂದ ಗಿಡುಗ, ತಪ್ಪು ಆ ಕಾವಲುಗಾರನದೇ ಎನ್ನುವ ಹಾಗೆ.

ಸೂಪರ್‌ವೈಸರ್ ಒಳ್ಳೆಯ ಮನುಷ್ಯ. ಇನ್ನೊಬ್ಬ ಆಪರೇಟರ್ ಜ್ವರ ಬಂದು ಮಲಗಿದ್ದಾನೆ, ಕೆಳಗೆ ನಾಲ್ಕು ಲಾರಿ ಸಾಲುಗಟ್ಟಿವೆ, ಆದರೂ ತಲೆ ಕೆರೆದುಕೊಳ್ಳುತ್ತ ಹೇಳಿದ, "ನೀನು ಹೊರಡಪ್ಪ. ಸ್ಲ್ಯಾಬ್ ಏನಾದ್ರೂ ಆಗ್ಲಿ, ನಾನು ನೋಡ್ಕೋತೀನಿ."

ಗಿಡುಗ ಚಹಾ ಚೆಲ್ಲಿ ಲೋಟ ಕೆಳಗಿಟ್ಟ. "ಬೇಡ ಸಾರ್. ನಾನು ಮೇಲೇ ಇರ್ತೀನಿ. ಅಲ್ಲಿಂದ ಕಿಟಕಿ ಕಾಣುತ್ತೆ. ಆ ಕಾರಿಡಾರಲ್ಲಿ ಕೂರೋಕೆ ನನ್ನ ಕೈಲಾಗಲ್ಲ."

ಎರಡು ವರ್ಷದ ಹಿಂದೆ ಅದೇ ಆಸ್ಪತ್ರೆಯ ಅದೇ ಕಾರಿಡಾರಿನಲ್ಲಿ ಅವನು ಒಂದು ಹಗಲು ಪೂರ್ತಿ ಕೂತಿದ್ದ. ಕೊನೆಗೆ ಮಗುವಿಗೆಂದು ಮಡಿಸಿ ಒಯ್ದಿದ್ದ ಬಟ್ಟೆಗಳನ್ನು ಹಾಗೆಯೇ, ಮಡಿಕೆ ಕೂಡ ಬಿಚ್ಚದೆ, ವಾಪಸ್ ತಂದಿದ್ದ. ಆ ಗಂಟನ್ನು ಅವನ ಕೈಯಿಂದ ತೆಗೆದುಕೊಂಡವಳು ನಾನೇ.

ಅವನು ಮತ್ತೆ ಏಣಿ ಹತ್ತಿದ. ನಾನು ಐದನೇ ಮಹಡಿಗೆ ಹೋಗಿ ನನ್ನ ಜಾಗದಲ್ಲಿ ನಿಂತೆ. ಹತ್ತೂಕಾಲಿನಿಂದ ಹನ್ನೆರಡೂವರೆಯವರೆಗೆ ಅವನು ಇಳಿಸಿದ ಬಕೆಟ್ಟುಗಳನ್ನು ನೀವು ನೋಡಬೇಕಿತ್ತು. ಒಂದೂ ತೂಗಲಿಲ್ಲ, ಒಂದೂ ಜಗ್ಗಲಿಲ್ಲ, ನಿದ್ದೆಮಾಡುವವರ ಪಕ್ಕದಲ್ಲಿ ಲೋಟ ಇಟ್ಟ ಹಾಗೆ ಇಟ್ಟು ಹೋಗುತ್ತಿದ್ದ. ಪ್ರತಿ ಸಲ ಬಕೆಟ್ ಖಾಲಿಯಾಗುವ ಅರ್ಧ ನಿಮಿಷ ಮಾತ್ರ ಅವನ ತಲೆ ರಸ್ತೆಯಾಚೆಗೆ ತಿರುಗುತ್ತಿತ್ತು. ನಾನೂ ಕಳ್ಳನ ಹಾಗೆ ಅತ್ತ ಒಂದು ಕಣ್ಣು ಹಾಯಿಸುತ್ತಿದ್ದೆ. ಆಸ್ಪತ್ರೆಯ ಮೂರನೇ ಮಹಡಿ, ಕೊನೆಯ ಕಿಟಕಿ. ಅಲ್ಲಿ ಒಮ್ಮೊಮ್ಮೆ ನನ್ನ ಅಮ್ಮನ ಹಸಿರು ಸ್ವೆಟರ್ ಕಾಣಿಸಿ ಮರೆಯಾಗುತ್ತಿತ್ತು.

ಊಟದ ಬಿಡುವಿಗೆ ಹತ್ತು ನಿಮಿಷ ಇರುವಾಗ ಬಿಡುವಿಗೆ ಮುಂಚಿನ ಕೊನೆಯ ಬಕೆಟ್ ಮೇಲೆ ಬಂತು. ಸ್ಲ್ಯಾಬಿನ ಮೇಲೆ ಎಂಟು ಜನ ಸಲಿಕೆ ಹಿಡಿದು ಕಾಯುತ್ತಿದ್ದರು. ಅವರ ತಲೆಯಿಂದ ನಾಲ್ಕಾಳು ಎತ್ತರದಲ್ಲಿ ಅದು ತೇಲಿಕೊಂಡು ಬರುತ್ತಿತ್ತು. ಅಷ್ಟರಲ್ಲಿ ಆ ಕಿಟಕಿ ದಡಾರನೆ ತೆರೆಯಿತು. ನನ್ನ ಅಮ್ಮ ಅರ್ಧ ಮೈ ಹೊರಗೆ ಹಾಕಿ, ಎರಡೂ ಕೈ ಅಗಲಕ್ಕೆ ಚಾಚಿ, ಒಂದು ಕೈಯಲ್ಲಿ ಬಿಳಿ ಟವೆಲ್ ಹಿಡಿದು ಜೋರಾಗಿ ಬೀಸತೊಡಗಿದಳು.

ಬೇರೆ ಯಾರಾದರೂ ಆಗಿದ್ದರೆ ನೋಡಿ ನಗುತ್ತಿದ್ದರು. ಆದರೆ ನಮ್ಮ ಕೆಲಸದಲ್ಲಿ ಎರಡೂ ಕೈ ಹಾಗೆ ಚಾಚಿ ಬೀಸಿದರೆ ಅದಕ್ಕೆ ಒಂದೇ ಅರ್ಥ. ಅಪಾಯ, ಇದ್ದ ಹಾಗೇ ನಿಲ್ಲಿಸು. ಬೇರೆ ಸಿಗ್ನಲ್ಲುಗಳನ್ನು ನಾನೊಬ್ಬಳೇ ಕೊಡಬೇಕು, ಇದನ್ನು ಮಾತ್ರ ಯಾರು ಬೇಕಾದರೂ ಕೊಡಬಹುದು, ದಾರಿಹೋಕ ಕೊಟ್ಟರೂ ಆಪರೇಟರ್ ನಿಲ್ಲಿಸಲೇಬೇಕು. ಗಿಡುಗ ನಿಲ್ಲಿಸಿದ. ಬೆಳಗ್ಗೆಯಿಂದ ಒಮ್ಮೆಯೂ ಜಗ್ಗದ ಬಕೆಟ್ ಗಕ್ಕನೆ ಜಗ್ಗಿ, ಆ ಎಂಟು ಜನರ ನೆತ್ತಿಯ ಮೇಲೆ ಅತ್ತಿಂದಿತ್ತ ಓಲಾಡತೊಡಗಿತು.

"ಅಯ್ಯೋ ಸತ್ತೆವಪ್ಪೋ!" ಎಂದು ಕಂಬಿ ಮೇಸ್ತ್ರಿ ಸಲಿಕೆ ಎಸೆದು ಓಡಿದ. ಉಳಿದವರೂ ದಿಕ್ಕಾಪಾಲಾದರು. ಹಸಿ ಕಾಂಕ್ರೀಟಿನಲ್ಲಿ ಓಡುವುದೆಂದರೆ ಮೊಣಕಾಲುದ್ದ ಕೆಸರಿನಲ್ಲಿ ಓಡಿದ ಹಾಗೆ, ಇಬ್ಬರು ಅಲ್ಲೇ ಹೂತುಕೊಂಡು ನಿಂತರು.

ನಾನು ಸೀಟಿ ಊದಿದೆ. ಗಿಡುಗ ನನ್ನ ಕಡೆ ನೋಡಲಿಲ್ಲ. ಅವನ ಹಣೆ ಗಾಜಿಗೆ ಒತ್ತಿಕೊಂಡಿತ್ತು, ಕಣ್ಣು ಆ ಕಿಟಕಿಯ ಮೇಲೆ. ಅಮ್ಮ ಇನ್ನೂ ಬೀಸುತ್ತಲೇ ಇದ್ದಳು. ಮತ್ತೆ ಊದಿದೆ, ಎದೆಯಲ್ಲಿದ್ದ ಗಾಳಿಯೆಲ್ಲ ಮುಗಿಯುವವರೆಗೆ ಊದಿದೆ. ಆಗ ಅವನು ತಿರುಗಿದ. ನಿಧಾನವಾಗಿ ಇಳಿಸು ಎಂದು ಸಿಗ್ನಲ್ ಕೊಟ್ಟೆ. ಅವನು ಇಳಿಸಲಿಲ್ಲ. ಎರಡೂ ಕೈಯನ್ನು ಲಿವರಿನಿಂದ ತೆಗೆದು ಮೇಲಕ್ಕೆತ್ತಿ ನನಗೆ ತೋರಿಸಿದ. ಅಷ್ಟು ದೂರದಿಂದಲೂ ಕಾಣುತ್ತಿತ್ತು, ಕೈ ಗಡಗಡ ನಡುಗುತ್ತಿತ್ತು. ಆಮೇಲೆ ಆಸ್ಪತ್ರೆಯ ಕಡೆ ಕೈ ಮಾಡಿ, ಅಂಗೈ ಮೇಲೆ ಮಾಡಿ ಕೇಳಿದ. ಏನಾಯಿತು?

ನನಗೇನು ಗೊತ್ತು? ನಾನೂ ಅದನ್ನೇ ನೋಡುತ್ತಿದ್ದೆ. ಕಿಟಕಿ, ಹಸಿರು ಸ್ವೆಟರ್, ಟವೆಲ್, ಅಷ್ಟೇ. ಆದರೆ ಆ ಕೈ ನನ್ನ ಅಮ್ಮನದು. ಅಮ್ಮ ದುಃಖವಾದರೆ ಮೂಲೆಯಲ್ಲಿ ಕೂತು ತುಟಿ ಪಿಟಕ್ಕೆನ್ನದವಳು, ಸಂತೋಷವಾದರೆ ಬೀದಿಗೆ ಕೇಳುವ ಹಾಗೆ ಪಾತ್ರೆ ಕುಕ್ಕುವವಳು. ಕೆಟ್ಟ ಸುದ್ದಿಗೆ ಅವಳು ಟವೆಲ್ ಬೀಸುವುದಿಲ್ಲ ಎಂದು ನನ್ನ ಮನಸ್ಸು ಹೇಳಿತು. ಕಣ್ಣಾರೆ ಕಾಣದ್ದಕ್ಕೆ ಸಿಗ್ನಲ್ ಕೊಡಬಾರದು ಎನ್ನುವುದು ಈ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠ. ಆರು ವರ್ಷದಲ್ಲಿ ಒಮ್ಮೆಯೂ ಅದನ್ನು ಮುರಿದವಳಲ್ಲ ನಾನು. ಎರಡು ಟನ್ ಓಲಾಡುತ್ತಿತ್ತು, ಇಬ್ಬರು ಕೆಳಗೆ ಹೂತುಕೊಂಡಿದ್ದರು, ಅದನ್ನು ಇಳಿಸಬೇಕಾದ ಕೈ ನಡುಗುತ್ತಿತ್ತು.

ಎರಡೂ ತೋಳು ಮಡಿಸಿ ಮಗುವನ್ನು ತೂಗಿದ ಹಾಗೆ ತೂಗಿದೆ. ಆಮೇಲೆ ಎರಡೂ ಕೈ ಬೆಸೆದು ಹೊಟ್ಟೆಯ ಮುಂದೆ ಬಿಗಿಯಾಗಿ ಹಿಡಿದೆ. ದಿನದ ಕೆಲಸ ಮುಗಿದಾಗ ನಾವು ಕೊಡುವ ಸಿಗ್ನಲ್ ಅದು: ಎಲ್ಲ ಭದ್ರ, ಚಿಂತೆಯಿಲ್ಲ, ನೀನಿನ್ನು ಬಾ.

ಅವನು ನನ್ನನ್ನೇ ನೋಡಿದ. ಮತ್ತೊಮ್ಮೆ ಮಾಡಿದೆ. ಆಗ ಅವನ ಕೈ ಲಿವರಿನ ಮೇಲೆ ಬಂತು. ಬಕೆಟ್ಟಿನ ಓಲಾಟಕ್ಕೆ ಎದುರಾಗಿ ಕ್ರೇನಿನ ತೋಳನ್ನು ಒಂದಿಷ್ಟೇ ತಿರುಗಿಸಿ, ಅದನ್ನು ಸಮಾಧಾನ ಮಾಡಿ, ಹೂತುಕೊಂಡ ಆ ಇಬ್ಬರ ಪಕ್ಕದಲ್ಲೇ ಮೆತ್ತಗೆ ಇಳಿಸಿದ. ನಾನು ಕಂಬಿಯ ರಾಶಿಯ ಮೇಲೆ ಕೂತೆ.

ಕೂರಲು ಬಿಟ್ಟರೆ ತಾನೆ! ನಾನು ತೋಳು ತೂಗಿದ್ದನ್ನು ಗಿಡುಗನೊಬ್ಬನೇ ನೋಡಿರಲಿಲ್ಲ.

"ಮಗು ಆಯ್ತೋ!" ಎಂದು ಕಂಬಿ ಮೇಸ್ತ್ರಿ ಕೂಗಿದ ಕೂಗಿಗೆ ನಾಲ್ಕನೇ ಮಹಡಿಯವರು ತಲೆ ಹೊರಗೆ ಹಾಕಿದರು. ನಾಲ್ಕರಿಂದ ಮೂರಕ್ಕೆ, ಮೂರರಿಂದ ಲಾರಿಗಳಿಗೆ ಸುದ್ದಿ ಇಳಿಯಿತು. ಲಾರಿ ಡ್ರೈವರುಗಳು ಹಾರ್ನ್ ಹೊಡೆದರು. ವೆಲ್ಡರುಗಳು ಸುತ್ತಿಗೆಯಿಂದ ಕಬ್ಬಿಣದ ತೊಲೆಗೆ ಬಡಿದು ಗಂಟೆ ಮಾಡಿದರು. ಯಾರೋ ಹೆಲ್ಮೆಟ್ ಮೇಲಕ್ಕೆ ಎಸೆದರು, ಅದು ಸೂಪರ್‌ವೈಸರ್ ಮುಂದೆಯೇ ಬಿತ್ತು. ಅವನು ಬೈಯುವುದು ಬಿಟ್ಟು ತನ್ನದನ್ನೂ ಎಸೆದ.

ಗಿಡುಗ ಏಣಿ ಇಳಿದದ್ದೋ ಜಾರಿದ್ದೋ ಹೇಳಲಾರೆ. ನೆಲಕ್ಕೆ ಕಾಲಿಡುವ ಮೊದಲೇ ಮೂವತ್ತು ಜನ ಅವನನ್ನು ಎತ್ತಿಕೊಂಡಿದ್ದರು. "ಶುಭಾಶಯ ಕಣೋ!" "ಅಪ್ಪ ಆದ್ಯಲ್ಲೋ ಬಡ್ಡಿಮಗನೆ!" ಎಂದು ಒಬ್ಬೊಬ್ಬರೂ ಅವನ ಬೆನ್ನಿಗೆ ಗುದ್ದಿದರು. ಸೈಟಿನ ಕ್ಯಾಂಟೀನಿನ ಅಜ್ಜಿ ಅಷ್ಟು ದೊಡ್ಡ ಬಿಸ್ಕೆಟ್ ಡಬ್ಬಿಯನ್ನೇ ಹೊತ್ತು ತಂದು, ಕೈ ತೊಳೆದವರು ತೊಳೆಯದವರು ಎಂದು ನೋಡದೆ ಎಲ್ಲರ ಬಾಯಿಗೂ ತುರುಕಿದಳು. ಗಿಡುಗ ನಗುತ್ತಿದ್ದ, ಅಳುತ್ತಿದ್ದ, ಬಿಸ್ಕೆಟ್ ಅಗಿಯುತ್ತಿದ್ದ, ಮೂರನ್ನೂ ಒಟ್ಟಿಗೇ ಮಾಡುತ್ತಿದ್ದ. ಮೆಟ್ಟಿಲಿಳಿದು ಬಂದ ನನ್ನನ್ನು ಕಂಡವನೇ ಓಡಿಬಂದು, ಜೀವಮಾನದಲ್ಲಿ ಮೊದಲ ಸಲ, ನನ್ನ ಕಾಲು ಮುಟ್ಟಿದ.

"ಅತ್ತಿಗೆ, ಅವಳೂ ಚೆನ್ನಾಗಿದಾಳೆ ತಾನೆ? ಇಬ್ರೂ?"

"ಹೂಂ" ಎಂದೆ.

ಏನು ಮಾಡಿಬಿಟ್ಟೆ ಎಂದು ಆಗ ಹೊಳೆಯಿತು. ಅಮ್ಮ ನಿಜವಾಗಿಯೂ ಸಹಾಯಕ್ಕೆ ಕರೆಯುತ್ತಿದ್ದರೆ? ಗೇಟಿಗೆ ಓಡಿ ಪೆಟ್ಟಿಗೆಯಿಂದ ಫೋನ್ ತೆಗೆಸಿ ಅಮ್ಮನಿಗೆ ಮಾಡಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಅಮ್ಮನ ಫೋನು ಚೀಲದಲ್ಲಿರುತ್ತದೆ, ಚೀಲ ಮಂಚದ ಕೆಳಗಿರುತ್ತದೆ, ಅಮ್ಮ ಬೇರೆಲ್ಲೋ ಇರುತ್ತಾಳೆ. ಹಿಂದಿನಿಂದ ಮೂವತ್ತು ಜನರ ಮೆರವಣಿಗೆ ಬಂದು ನನ್ನನ್ನೂ ಎಳೆದುಕೊಂಡು ರಸ್ತೆ ದಾಟಿತು. ಕಂಬಿ ಮೇಸ್ತ್ರಿ ನಡುರಸ್ತೆಯಲ್ಲಿ ನಿಂತು ಎರಡೂ ಕೈ ಚಾಚಿ ಬಸ್ಸು ಕಾರುಗಳನ್ನೆಲ್ಲ ನಿಲ್ಲಿಸಿದ. ನಿಂತ ಬಸ್ಸಿನ ಕಿಟಕಿಯೊಳಗೆ ಕ್ಯಾಂಟೀನ್ ಅಜ್ಜಿ ಬಿಸ್ಕೆಟ್ ಹಂಚಿದಳು. "ಏನ್ ವಿಶೇಷ?" ಎಂದು ಬಸ್ಸಿನವರು ಕೇಳಿದರು. "ಕ್ರೇನಿನವನಿಗೆ ಮಗು!" ಎಂದಳು. ಗುರುತು ಪರಿಚಯ ಇಲ್ಲದವರೆಲ್ಲ ಬಸ್ಸಿನಿಂದ ಕೈ ಬೀಸಿ ಶುಭಾಶಯ ಹೇಳಿದರು. ಎಲ್ಲರ ನಡುವೆ ನಗುತ್ತ ನಡೆಯುತ್ತಲೇ ನಾನು ಮಾತ್ರ ಮತ್ತೆ ಮತ್ತೆ ಅಮ್ಮನ ನಂಬರು ಒತ್ತುತ್ತಿದ್ದೆ.

ಮೂರನೇ ಮಹಡಿಯ ಕಾರಿಡಾರಿನ ಬಾಗಿಲಲ್ಲಿ ನರ್ಸ್ ಅಡ್ಡ ನಿಂತಳು. ಎದುರಿಗೆ ಮೂವತ್ತು ಹೆಲ್ಮೆಟ್, ಅರವತ್ತು ಕೆಸರು ಬೂಟು.

"ಯಾರ್ರೀ ನೀವೆಲ್ಲ?"

"ಮಗು ಕಡೆಯವರು!" ಎಂದರು ಒಕ್ಕೊರಲಿನಿಂದ.

"ಯಾವ ಮಗು?"

ಅಷ್ಟರಲ್ಲಿ ಅವಳ ಹಿಂದಿನಿಂದ ನನ್ನ ಅಮ್ಮ ಹಸಿರು ಸ್ವೆಟರಿನಲ್ಲಿ ಹೊರಬಂದಳು. ಕಂಬಿ ಮೇಸ್ತ್ರಿ ನರ್ಸಿನ ಕಂಕುಳಡಿಯಿಂದ ನುಸುಳಿ ಅಮ್ಮನ ಎರಡೂ ಕೈ ಹಿಡಿದು ಕುಲುಕಿದ. "ಅಜ್ಜಿ ಆದ್ರಲ್ಲಮ್ಮ, ಶುಭಾಶಯ!" ಅವನ ಹಿಂದೆ ವೆಲ್ಡರುಗಳು, ಅವರ ಹಿಂದೆ ಇಬ್ಬರು ಲಾರಿ ಡ್ರೈವರುಗಳು. ಅಮ್ಮ ಎಲ್ಲರಿಗೂ, "ಥ್ಯಾಂಕ್ಸ್ ಕಣಪ್ಪ, ನಿಮ್ಮ ಬಾಯಿ ಹರಕೆ, ತುಂಬಾ ಸಂತೋಷ" ಎಂದು ಕೈ ಕೊಟ್ಟಳು, ಕ್ಯಾಂಟೀನ್ ಅಜ್ಜಿಯ ಡಬ್ಬಿಯಿಂದ ಎರಡು ಬಿಸ್ಕೆಟ್ಟನ್ನೂ ತೆಗೆದುಕೊಂಡಳು. ಒಂದನ್ನು ಪೂರ್ತಿ ತಿಂದು ಮುಗಿಸಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಅಲ್ವೇ, ಇನ್ನೂ ಆಗೇ ಇಲ್ವಲ್ಲ. ಇವರೆಲ್ಲ ಇಷ್ಟು ಬೇಗ ಯಾಕೆ ಬಂದ್ರು?"

ಹಿಂದಿನ ಸಾಲಿನಲ್ಲಿ ಯಾರೋ ಬಿಸ್ಕೆಟ್ ಕಡಿದ ಸದ್ದು ಮಾತ್ರ ಕೇಳಿತು.

"ಮತ್ತೆ ಟವೆಲ್ ಯಾಕೆ ಬೀಸಿದೆ ನೀನು?" ನನ್ನ ದನಿ ನನಗೇ ಕೀರಲಾಗಿ ಕೇಳಿತು.

"ಅದಾ? ಪಕ್ಕದ ಮಂಚದವಳ ಅತ್ತೆ ನಂಬಲಿಲ್ಲ ಕಣೆ, ಅಷ್ಟು ಎತ್ತರದಲ್ಲಿ ಕೂತಿರೋದು ನನ್ನ ಅಳಿಯ ಅಂತ. ನೋಡಿ, ನಾನು ಕೈ ಬೀಸಿದ್ರೆ ಅವನು ಕೆಲಸ ನಿಲ್ಲಿಸಿ ನೋಡ್ತಾನೆ ಅಂದೆ. ಬೀಸಿದೆ. ನಿಲ್ಲಿಸಿಬಿಟ್ಟ!" ಅಮ್ಮನ ಮುಖ ಹೆಮ್ಮೆಯಿಂದ ಅರಳಿತ್ತು. "ಆ ಹೆಂಗಸಿನ ಮುಖ ನೋಡಬೇಕಿತ್ತು ನೀನು."

ಗಿಡುಗ ಅಮ್ಮನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ.

"ಅತ್ತಿಗೆ, ಭದ್ರ ಅಂತ ಕೈ ಬೆಸೆದು ತೋರಿಸಿದ್ರಿ."

"ಹೌದು."

"ಕಂಡು ತೋರಿಸಿದ್ರಾ?"

"ಇಲ್ಲ." ಸುಳ್ಳು ಹೇಳುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. "ನಿನ್ನ ಕೈ ನಡುಗ್ತಿತ್ತು. ಕೆಳಗೆ ಜನ ಇದ್ರು. ಅಮ್ಮ ಖುಷಿಲಿ ಬೀಸ್ತಿದಾಳೆ ಅಂದ್ಕೊಂಡೆ, ಅಂದ್ಕೊಂಡು ಕೊಟ್ಬಿಟ್ಟೆ. ನನ್ನದೇ ತಪ್ಪು ಕಣೋ."

ಅವನ ಮುಖದಲ್ಲಿದ್ದ ನಗು ಇಳಿದುಹೋಯಿತು. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತ. ಎರಡು ವರ್ಷದ ಹಿಂದೆ ಕೂತಿದ್ದ ಬೆಂಚು ಅದೇ. "ನಿಮ್ಮನ್ನ ಬೈಬೇಕು ಅಂತಿದೆ. ಆದ್ರೆ ಈಗ ಬಾಯಿ ಬರ್ತಿಲ್ಲ, ಆಮೇಲೆ ಬೈತೀನಿ" ಎಂದು ಮುಖ ಮುಚ್ಚಿಕೊಂಡ. ಅವನ ಪಕ್ಕದಲ್ಲಿ ಕೂರುವ ಯೋಗ್ಯತೆಯೂ ನನಗಿಲ್ಲ ಎನಿಸಿತು. ಆದರೂ ಕೂತೆ. ಒಳಗಿರುವುದು ನನ್ನ ತಂಗಿ, ನಾನು ಎಲ್ಲಿಗೆ ಹೋಗಲಿ?

ಮೂವತ್ತು ಜನ ಪಿಸುಪಿಸು ಶುರುಮಾಡಿದರು.

"ಈಗೇನ್ ಮಾಡೋದು, ಶುಭಾಶಯ ಹೇಳಿಬಿಟ್ವಲ್ಲ?"

"ವಾಪಸ್ ತಗೊಳ್ಳೋಕಾಗುತ್ತಾ?"

"ತಿಂದ ಬಿಸ್ಕೆಟ್ ವಾಪಸ್ ಕೊಡ್ತೀಯಾ?"

"ಬಸ್ಸಿನವರಿಗೆ ಬೇರೆ ಹೇಳಿದೀವಿ. ಆ ಬಸ್ಸು ಈಗ ಎಲ್ಲಿ ಮುಟ್ಟಿತೋ ಏನೋ."

ಕಂಬಿ ಮೇಸ್ತ್ರಿ ಹೆಲ್ಮೆಟ್ ಸರಿಮಾಡಿಕೊಂಡ. "ಹೇಳಿದ್ದು ಹೇಳಾಯ್ತು. ಆಗೋವರೆಗೂ ಇಲ್ಲೇ ಇರೋಣ, ನಿಯತ್ತು ಅಂತ ಒಂದಿದೆ" ಎಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಎಲ್ಲರೂ ಕೂತರು. ನರ್ಸಿಗೆ ಕಾಲಿಡಲು ಜಾಗ ಉಳಿಯಲಿಲ್ಲ.

ಆಗ ಹೆರಿಗೆ ಕೋಣೆಯ ಬಾಗಿಲಾಚೆಯಿಂದ ನನ್ನ ತಂಗಿಯ ದನಿ ಬಂತು. ನೋವಿನಲ್ಲೂ ನಮ್ಮ ಮನೆತನದ ಗಂಟಲು ಗಂಟಲೇ.

"ಯಾರ್ರೋ ಅದು ಶುಭಾಶಯ ಅಂತಿರೋದು? ಇನ್ನೂ ಆಗಿಲ್ಲ ಕಣ್ರೋ!"

ಕಂಬಿ ಮೇಸ್ತ್ರಿ ಎದ್ದು ನಿಂತು, ಬಾಗಿಲಿಗೆ ನಮ್ರವಾಗಿ ಉತ್ತರ ಕೊಟ್ಟ. "ಪರವಾಗಿಲ್ಲಮ್ಮ, ನಿಧಾನವಾಗಿ ಆಗ್ಲಿ. ನಾವು ಸ್ವಲ್ಪ ಮೊದಲೇ ಬಂದ್ವಿ!"

ಒಳಗಿನಿಂದ ಒಂದು ನಗು ಕೇಳಿತು. ನಗು ನಡುವೆಯೇ ಮುರಿದು ನರಳಿಕೆಯಾಯಿತು, ನರಳಿಕೆ ಏರುತ್ತ ಹೋಯಿತು. ಗಿಡುಗ ನನ್ನ ಮಣಿಕಟ್ಟು ಹಿಡಿದುಕೊಂಡ, ಮೂಳೆ ಮುರಿಯುವ ಹಾಗೆ. ಆ ನರಳಿಕೆ ಕೇಳಿದ್ದೇ ಕಂಬಿ ಕಟ್ಟುವವರಲ್ಲಿ ಒಬ್ಬ, ಭಾರ ಎಳೆದು ಎಳೆದು ರೂಢಿಯಾದ ಬಾಯಿ, ತನಗೇ ಗೊತ್ತಿಲ್ಲದೆ "ಐಸಾ!" ಎಂದುಬಿಟ್ಟ. ಪಕ್ಕದವನು ಅವನ ಬಾಯಿ ಮುಚ್ಚಿದ. ಬಾಗಿಲು ತೆರೆದು ಇನ್ನೊಬ್ಬ ನರ್ಸ್ ತಲೆ ಹೊರಹಾಕಿದಳು. ನಮ್ಮ ಕತೆ ಮುಗಿಯಿತು ಎಂದುಕೊಂಡೆವು.

"ಈಗ ಐಸಾ ಅಂದವರು ಯಾರು?"

ಎಲ್ಲರೂ ಅವನ ಕಡೆ ಬೆರಳು ತೋರಿಸಿದರು.

"ಇನ್ನೂ ಜೋರಾಗಿ ಅನ್ನಬೇಕಂತೆ. ಅವರೇ ಹೇಳ್ತಿದಾರೆ" ಎಂದು ಬಾಗಿಲು ಹಾಕಿಕೊಂಡಳು.

ಆಮೇಲಿನ ಹತ್ತು ನಿಮಿಷವನ್ನು ಆ ಆಸ್ಪತ್ರೆ ಮರೆಯುವುದಿಲ್ಲ. ಒಳಗೆ ಅವಳು ತಿಣುಕಿದಾಗಲೆಲ್ಲ ಹೊರಗೆ ಮೂವತ್ತು ಗಂಟಲು "ಐಸಾ! ಇನ್ನೊಂಚೂರು ಐಸಾ!" ಎಂದವು. ಎರಡನೇ ಮಹಡಿಯ ರೋಗಿಗಳು ಮೆಟ್ಟಿಲು ಹತ್ತಿ ಬಂದರು. ಪಕ್ಕದ ಮಂಚದವಳ ಅತ್ತೆಯೂ ಬಂದು, ಗಿಡುಗನನ್ನು ಮೇಲಿಂದ ಕೆಳಗೆ ನೋಡಿ ಖಾತ್ರಿಮಾಡಿಕೊಂಡು, ತಾನೂ ಐಸಾ ಎಂದಳು. ಅಮ್ಮ ಟವೆಲ್ ಬೀಸಿ ತಾಳ ಕೊಟ್ಟಳು. ಬಾಗಿಲಲ್ಲಿ ಅಡ್ಡ ನಿಂತಿದ್ದ ಮೊದಲ ನರ್ಸ್, "ಸದ್ದು ಮಾಡಬೇಡಿ" ಎಂದು ಬರೆದ ಫಲಕದ ಕೆಳಗೇ ನಿಂತು ಕೂಗುತ್ತಿದ್ದಳು. ಮುಖ ಮುಚ್ಚಿ ಕೂತಿದ್ದ ಗಿಡುಗ ಯಾವಾಗ ಎದ್ದನೋ, ಬಾಗಿಲಿಗೆ ಎರಡೂ ಅಂಗೈ ಒತ್ತಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ನಾನು ಕೂಗಿದೆನೋ ಅತ್ತೆನೋ ನೆನಪಿಲ್ಲ. ಬದುಕಿರಲಿ, ಈ ಸಲ ಬದುಕಿರಲಿ, ನನ್ನ ಕೈ ಸುಳ್ಳಾಗದಿರಲಿ ಎನ್ನುವುದು ಬಿಟ್ಟು ತಲೆಯಲ್ಲಿ ಬೇರೇನೂ ಇರಲಿಲ್ಲ.

ಒಂದು ಐಸಾ ಅರ್ಧಕ್ಕೇ ನಿಂತಿತು. ಯಾರು ನಿಲ್ಲಿಸಿದರೋ ಗೊತ್ತಿಲ್ಲ, ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಬಾಗಿಲಾಚೆ ಒಂದು ಸಣ್ಣ ಸದ್ದು. ಬಳಿಕ ಸಣ್ಣದಲ್ಲ. ಬಳಿಕ ನಮ್ಮ ಮನೆತನದ ಗಂಟಲು, ಹೊಚ್ಚ ಹೊಸದು, ಮೂವತ್ತು ಜನಕ್ಕೂ ಒಟ್ಟಿಗೆ ಬೈದ ಹಾಗೆ ಅತ್ತಿತು.

"ಹೆಣ್ಣು ಮಗು" ಎಂದು ನರ್ಸ್ ಬಂದು ಹೇಳಿದಳು. "ಎರಡು ಕೆಜಿ ಏಳ್ನೂರು ಗ್ರಾಂ. ತಾಯಿ ಮಗು ಇಬ್ರೂ ಚೆನ್ನಾಗಿದಾರೆ."

"ಅಷ್ಟೇನಾ?" ಎಂದ ಕಂಬಿ ಮೇಸ್ತ್ರಿ, ಗಂಟಲು ಪೂರ್ತಿ ಕೂತುಹೋಗಿತ್ತು. "ನಾವು ಕೂಗಿದ ಕೂಗಿಗೆ ಎರಡು ಟನ್ ಬರಬೇಕಿತ್ತು!" ಎಂದು ಹೇಳಿದವನು ತಿರುಗಿ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡ. ಶುಭಾಶಯಗಳು ಮತ್ತೆ ಮೊದಲಿನಿಂದ ಶುರುವಾದವು, ಹೇಳಿದವರೇ ಹೇಳಿದರು, ಕೈ ಕುಲುಕಿದವರೇ ಕುಲುಕಿದರು, ಖಾಲಿಯಾದ ಡಬ್ಬಿಯ ತಳದ ಪುಡಿಯನ್ನೂ ಕ್ಯಾಂಟೀನ್ ಅಜ್ಜಿ ಚಿಟಿಕೆ ಚಿಟಿಕೆ ಹಂಚಿದಳು.

ಊಟದ ಬಿಡುವು ಮುಗಿದು ಎಲ್ಲರೂ ಸೈಟಿಗೆ ಓಡಿದರು. ಆ ಹೊತ್ತಿಗೆ ಜ್ವರದ ಆಪರೇಟರ್ ಕಂಬಳಿ ಹೊದ್ದುಕೊಂಡೇ ಬಂದು, "ಉಳಿದ ಕೆಲಸ ನಾನು ನೋಡ್ಕೋತೀನಿ, ಅವನನ್ನ ಕಳಿಸಬೇಡಿ" ಎಂದಿದ್ದನಂತೆ. ನನ್ನ ಬದಲು ಸಿಗ್ನಲ್ಲಿಗೆ ಸೂಪರ್‌ವೈಸರ್ ತಾನೇ ನಿಂತನಂತೆ. ಗಿಡುಗನೂ ನಾನೂ ಒಳಗೆ ಹೋದೆವು. ಮಗು ತಂಗಿಯ ಎದೆಯ ಮೇಲೆ ಮುಷ್ಟಿ ಬಿಗಿದು ಮಲಗಿತ್ತು. ಗಿಡುಗ ಬಾಗಿ ನೋಡಿದ, ನೋಡುತ್ತಲೇ ಇದ್ದ. ಬಳಿಕ ನನ್ನ ಕಡೆ ತಿರುಗಿ, ಮಗುವಿಗೆ ಎಚ್ಚರವಾಗದ ಹಾಗೆ ಪಿಸುದನಿಯಲ್ಲಿ ಬೈದ. ಇನ್ನೊಮ್ಮೆ ಕಾಣದೆ ಸಿಗ್ನಲ್ ಕೊಟ್ಟರೆ ನಿಮ್ಮನ್ನೇ ಕೊಕ್ಕೆಗೆ ನೇತು ಹಾಕ್ತೀನಿ, ನೀವು ಅತ್ತಿಗೆಯೋ ಶತ್ರುವೋ, ನನ್ನ ಆಯುಷ್ಯ ಹತ್ತು ವರ್ಷ ಕಡಿಮೆ ಮಾಡಿದ್ರಿ, ಎಂದು ಎರಡು ನಿಮಿಷ ಬೈದ. ಅಷ್ಟು ಮೆತ್ತಗೆ ಯಾರೂ ಯಾರನ್ನೂ ಬೈದಿರಲಾರರು. ಬೈದು ಮುಗಿಸಿ, ನೀರು ತರುತ್ತೇನೆಂದು ಹೊರಗೆ ಹೋದ. ಕಾರಿಡಾರಿನಲ್ಲಿ ಅವನು ಬಿಕ್ಕಿ ಅಳುವುದು ನಮಗೆ ಕೇಳುತ್ತಿತ್ತು.

ನಾನು ತಂಗಿಯ ಹಣೆಗೆ ಅಂಟಿದ್ದ ಕೂದಲು ಸರಿಸಿದೆ. "ನನ್ನಿಂದ ಎಷ್ಟು ಗಲಾಟೆ ಆಯ್ತು ನೋಡು. ಹೆರೋ ಹೊತ್ತಲ್ಲಿ ನಿನ್ನ ಪಾಡಿಗೆ ನಿನ್ನನ್ನ ಬಿಡಲಿಲ್ಲ."

ಅವಳು ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಹೋದ ಸಲ ಆ ಬಾಗಿಲಾಚೆ ಒಂದು ಸದ್ದೂ ಇರಲಿಲ್ಲ ಅಕ್ಕ. ನೀವೆಲ್ಲ ಉಸಿರು ಬಿಗಿಹಿಡಿದು ಕೂತಿರೋದು ನಂಗೆ ಒಳಗೇ ಗೊತ್ತಾಗ್ತಿತ್ತು. ಇವತ್ತೂ ಬೆಳಗ್ಗೆಯಿಂದ ಅದೇ ಮೌನ ಕೇಳ್ಕೊಂಡು ಮಲಗಿದ್ದೆ, ಕೈಕಾಲೆಲ್ಲ ತಣ್ಣಗಾಗಿತ್ತು. ಆಮೇಲೆ ಯಾರೋ ಶುಭಾಶಯ ಅಂತ ಕಿರುಚಿದ್ರು. ಒಂದು ಗಳಿಗೆ ನಂಗೇ ಅನ್ನಿಸ್ತು, ಅರೆ, ಆಗೇಹೋಯ್ತಾ, ಮಗು ಬದುಕಿದೆಯಾ, ನಂಗೊಬ್ಬಳಿಗೇ ಗೊತ್ತಾಗಿಲ್ವಾ ಅಂತ." ಅವಳು ಕಣ್ಣು ತೆರೆದು ನಕ್ಕಳು, ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿತ್ತು. "ಅಲ್ಲಿಂದ ಮುಂದೆ ಹೆದರೋಕೆ ಪುರುಸೊತ್ತೇ ಕೊಡಲಿಲ್ಲ ನೀವು."

ನಾನು ಅವಳ ಪಕ್ಕದಲ್ಲಿ ಕೂತೆ. ಅವಳು ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು.